ಗದ್ದೆಯ ನೀರಿನಲ್ಲಿ ಹಕ್ಕಿಯ ತಿಟ್ಟು

(ಹಕ್ಕಿ ನೋಡುವ ಗೆಳೆಯರ ಬಳಗವೊಂದರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಸಹಜವಾಗಿ ಬಂದಿದ್ದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಶ್ರೀರಂಗಪಟ್ಟಣದ ಬಳಿ ಕಾವೇರಿಯಲ್ಲಿರುವ ರಂಗನತಿಟ್ಟು ಪಕ್ಷಿಧಾಮದ ಬಗ್ಗೆ ಮಾತನಾಡಬೇಕೆಂದು ನಿಮ್ಮ ಬಳಗದವರು ಕೇಳಿದಾಗ ನಾನು ಮೊದಲು ಹಿಂಜರಿದೆ. ಹಕ್ಕಿಗಳ ವಿಷಯದಲ್ಲಿ ಇಲ್ಲಿ ಕುಳಿತಿರುವ ಹಲವರು ನನಗಿಂತ ಹೆಚ್ಚು ಬಲ್ಲವರು. ನನ್ನ ಕೆಲಸದ ವರ್ಷಗಳು ಕಳೆದದ್ದು ನಾಲೆ, ತೂಬು, ಅಣೆಗಳ ನಡುವೆ. ಹಕ್ಕಿಯನ್ನು ನೋಡುವುದಕ್ಕಿಂತ ನೀರಿನ ಮಟ್ಟವನ್ನು ನೋಡುವುದೇ ನನಗೆ ಹೆಚ್ಚು ಅಭ್ಯಾಸ. ಆದರೆ ಯೋಚಿಸುತ್ತ ಹೋದಂತೆ, ರಂಗನತಿಟ್ಟಿನ ಚರಿತ್ರೆಯನ್ನು ಹೇಳಲು ಆ ಅಭ್ಯಾಸವೇ ಒಂದು ಅರ್ಹತೆಯಾದೀತು ಎನ್ನಿಸಿತು. ಏಕೆಂದರೆ ನಾವು ರಜೆಯ ದಿನ ದೋಣಿಯಲ್ಲಿ ಕುಳಿತು 'ಎಂಥ ಪ್ರಕೃತಿ' ಎಂದು ಬೆರಗಾಗುವ ಆ ಜಾಗ ಮೂಲದಲ್ಲಿ ಒಂದು ನೀರಾವರಿ ಕಾಮಗಾರಿಯ ಫಲ. ಗದ್ದೆಗೆ ನೀರು ಹಾಯಿಸಲು ಹೊರಟವರು ತಮಗೆ ಗೊತ್ತಿಲ್ಲದಂತೆಯೇ ಹಕ್ಕಿಗಳಿಗೆ ನೆಲೆ ಮಾಡಿಕೊಟ್ಟರು, ಹಕ್ಕಿಗಳ ಹಿಂದೆ ನಾವು ವಿಹಾರಕ್ಕೆ ಬಂದೆವು. ಇಂದು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಮೊದಲು ಹೆಸರನ್ನೇ ಗಮನಿಸೋಣ. ಹೊಳೆಯ ನಡುವಿನ ನೆಲಕ್ಕೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಕರಾವಳಿಯವರು ಅದನ್ನು ಕುದ್ರು ಎನ್ನುತ್ತಾರೆ. ಕೃಷ್ಣೆ, ತುಂಗಭದ್ರೆಯರ ಕಡೆ ಅದು ಗಡ್ಡೆ ಅಥವಾ ಗಡ್ಡಿ. ಪಠ್ಯಪುಸ್ತಕದಲ್ಲಿ ನಡುಗಡ್ಡೆ, ದ್ವೀಪ ಎಂಬ ಪದಗಳಿವೆ. ಇಲ್ಲಿ ಮಾತ್ರ ಜನರ ಬಾಯಲ್ಲಿ ಉಳಿದಿರುವುದು ತಿಟ್ಟು. ತಿಟ್ಟು ಎಂದರೆ ಸುತ್ತಲಿನ ನೆಲಕ್ಕಿಂತ ಎತ್ತರವಾದ ದಿಬ್ಬ. ಆ ಪದದಲ್ಲಿ ನೀರಿನ ಸುಳಿವೇ ಇಲ್ಲ. ನದಿಯಲ್ಲಿ ನೀರು ತಗ್ಗಿದಾಗ ಬಂಡೆ, ಮಣ್ಣು, ಗಿಡಗಂಟಿಗಳ ದಿಬ್ಬವಾಗಿಯೂ, ನೀರು ಏರಿದಾಗ ದ್ವೀಪವಾಗಿಯೂ ತೋರುವ ನೆಲಕ್ಕೆ ಇದಕ್ಕಿಂತ ಸರಿಯಾದ ಹೆಸರನ್ನು ನಾನು ಕಾಣೆ. ಹಾಗಾದರೆ ದಿಬ್ಬ ವರ್ಷವಿಡೀ ದ್ವೀಪವಾಗಿ ಉಳಿಯುವಂತೆ ನೀರನ್ನು ಏರಿಸಿದವರು ಯಾರು?

ಮೈಸೂರಿನ ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಆಳಿದರು. ಅವರ ಕಾಲದಲ್ಲಿ, 1645 ಮತ್ತು 1648ರ ನಡುವೆ, ಶ್ರೀರಂಗಪಟ್ಟಣಕ್ಕೆ ಸ್ವಲ್ಪ ಮೇಲೆ ಕಾವೇರಿಗೆ ಅಡ್ಡಲಾಗಿ ಅಣೆಯೊಂದು ಎದ್ದಿತು. ಅಣೆ ಎಂದ ಕೂಡಲೇ ಕನ್ನಂಬಾಡಿ ಕಟ್ಟೆಯಂಥ ಎತ್ತರದ ಗೋಡೆಯನ್ನು ಮನಸ್ಸಿಗೆ ತಂದುಕೊಳ್ಳಬಾರದು. ಹಳೇ ಮೈಸೂರಿನ ಅಣೆಗಳು ಗಿಡ್ಡ ಕಟ್ಟೆಗಳು. ಹೊಳೆಯಲ್ಲಿ ಮೊದಲೇ ಇರುವ ಬಂಡೆಗಳನ್ನು ಆಧಾರವಾಗಿಟ್ಟುಕೊಂಡು, ಒಂದರಿಂದ ಇನ್ನೊಂದಕ್ಕೆ ಓರೆಯಾಗಿ ಕಲ್ಲು ಪೇರಿಸುತ್ತ ಸಾಗುವುದು ಅವುಗಳ ರೀತಿ. ನೀರನ್ನು ಸಂಗ್ರಹಿಸಿಡುವುದು ಅವುಗಳ ಉದ್ದೇಶವಲ್ಲ. ನೀರಿನ ಮಟ್ಟವನ್ನು ಕೆಲವು ಅಡಿಗಳಷ್ಟು ಎತ್ತಿ, ದಂಡೆಯಲ್ಲಿ ತೋಡಿದ ನಾಲೆಯ ಬಾಯಿಗೆ ತಿರುಗಿಸಿದರೆ ಅವುಗಳ ಕೆಲಸ ಮುಗಿಯಿತು. ಮಳೆಗಾಲದ ಪ್ರವಾಹ ಕಟ್ಟೆಯ ನೆತ್ತಿಯ ಮೇಲೆಯೇ ಹರಿದುಹೋಗುತ್ತದೆ.

ಹೀಗೆ ಕೆಲವು ಅಡಿ ಏರಿದ ನೀರು ತಗ್ಗಿನ ನೆಲವನ್ನು ಮುಳುಗಿಸಿತು, ಎತ್ತರದ ತಿಟ್ಟುಗಳನ್ನು ಉಳಿಸಿತು. ಓಟ ನಿಧಾನಗೊಂಡ ನೀರು ತಾನು ಹೊತ್ತು ತಂದ ಮೆಕ್ಕಲನ್ನು ಬಂಡೆಗಳ ಸಂದಿಯಲ್ಲಿ ಇಳಿಸಿತು. ಮೆಕ್ಕಲಿನಲ್ಲಿ ಹೊಳೆಮತ್ತಿ ಬೇರೂರಿತು, ಬಿದಿರು ಮೆಳೆಯಾಯಿತು, ಅಂಚಿನಲ್ಲಿ ಕೇದಗೆ ಹಬ್ಬಿತು. ಬೇರುಗಳು ಮಣ್ಣನ್ನು ಹಿಡಿದವು, ಮಣ್ಣು ಇನ್ನಷ್ಟು ಬೇರುಗಳನ್ನು ಹಿಡಿಯಿತು. ಕಟ್ಟಿದವರ ಲೆಕ್ಕದಲ್ಲಿ ಇದಾವುದೂ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ಭತ್ತ. ಎಂಜಿನಿಯರುಗಳಾದ ನಾವು ಕಾಮಗಾರಿಯೊಂದರ ಲಾಭವನ್ನು ಎಕರೆಯ ಲೆಕ್ಕದಲ್ಲಿ ಬರೆಯುತ್ತೇವೆ; ಮುನ್ನೂರ ಎಪ್ಪತ್ತು ವರ್ಷಗಳ ನಂತರ ಜನ ಹಣ ಕೊಟ್ಟು ನೋಡಲು ಬರುವುದು ಆ ಲೆಕ್ಕದ ಹೊರಗೆ ಉಳಿದದ್ದನ್ನು ಎಂಬುದು ನನಗೆ ಯಾವಾಗಲೂ ಸ್ವಲ್ಪ ತಮಾಷೆಯಾಗಿ ಕಾಣುತ್ತದೆ.

ಕಾವೇರಿಯ ಈ ಭಾಗದಲ್ಲಿ ವಿಹಾರದ ಇತಿಹಾಸ ರಂಗನತಿಟ್ಟಿನಿಂದ ಶುರುವಾಗುವುದಿಲ್ಲ. ಅದಕ್ಕೆ ನಾವು ಸ್ವಲ್ಪ ಕೆಳಗಿನ ದೊಡ್ಡ ದ್ವೀಪಕ್ಕೆ, ಎಂದರೆ ಶ್ರೀರಂಗಪಟ್ಟಣಕ್ಕೆ ಹೋಗಬೇಕು. ನದಿ ಇಬ್ಭಾಗವಾಗಿ, ಸುಮಾರು ಐದು ಕಿಲೋಮೀಟರ್ ಉದ್ದದ ನೆಲವನ್ನು ಬಳಸಿ, ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ಕಾವೇರಿಯ ಮೂರು ದ್ವೀಪಗಳಲ್ಲಿ ಪವಡಿಸಿರುವ ಮೂವರು ರಂಗನಾಥರಲ್ಲಿ ಆದಿರಂಗ ಇಲ್ಲಿಯವನು. ಮಧ್ಯರಂಗ ಶಿವನಸಮುದ್ರದಲ್ಲಿ, ಅಂತ್ಯರಂಗ ತಮಿಳುನಾಡಿನ ಶ್ರೀರಂಗದಲ್ಲಿ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಈ ಕೋಟೆಯನ್ನು ಪಡೆದುಕೊಂಡ ಮೇಲೆ 1799ರವರೆಗೆ ರಾಜ್ಯದ ರಾಜಧಾನಿ ಇದೇ ಆಗಿತ್ತು. ರಾಜಧಾನಿಗೂ ದೇವಾಲಯಕ್ಕೂ ನೀರು ತರಲು ಕಂಠೀರವ ನರಸರಾಜರೇ ಮಾಡಿಸಿದ ಬಂಗಾರದೊಡ್ಡಿ ನಾಲೆ, ನದಿಯ ಒಂದು ಕವಲನ್ನು ಕಲ್ಲಿನ ಮೇಲ್ಗಾಲುವೆಯ ಮೂಲಕ ದಾಟಿ ದ್ವೀಪಕ್ಕೆ ಬರುತ್ತದೆ. ಕೆಳಗೆ ಕಾವೇರಿ ಹರಿಯುತ್ತಿರುವಾಗ ಅವಳ ನೆತ್ತಿಯ ಮೇಲೆ ಅವಳದೇ ನೀರು ದಾಟಿಹೋಗುವುದನ್ನು ನೋಡದವರು ಮುಂದಿನ ಸಲ ಹೋದಾಗ ದಯವಿಟ್ಟು ನೋಡಿ. ಪ್ರವಾಸದ ಬಸ್ಸುಗಳು ಅಲ್ಲಿ ನಿಲ್ಲುವುದು ಅಪರೂಪ.

ನೀರು ಬಂದ ಮೇಲೆ ತೋಟ ಬಂತು. ಹೈದರ್ ಮತ್ತು ಟಿಪ್ಪುವಿನ ಕಾಲಕ್ಕೆ ದ್ವೀಪದ ಪೂರ್ವಭಾಗ, ಗಂಜಾಂ ಕಡೆಯದು, ಉದ್ಯಾನಗಳ ನೆಲವಾಗಿತ್ತು. ಕೋಟೆಯ ಹೊರಗೆ ಹೊಳೆಯ ಹತ್ತಿರ 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್, ಬಹುತೇಕ ತೇಗದ ಮರದಲ್ಲಿ ಕಟ್ಟಿದ ಬೇಸಿಗೆಯ ಅರಮನೆ. ಅದರ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಇನ್ನೂ ಪೂರ್ವಕ್ಕೆ, ಹೈದರನ ಗುಂಬಜಿನ ಸುತ್ತ, ಲಾಲ್‌ಬಾಗ್ ಎಂಬ ಇನ್ನೊಂದು ತೋಟವಿತ್ತು. ಬೆಂಗಳೂರಿನ ಲಾಲ್‌ಬಾಗ್ ಎಲ್ಲರಿಗೂ ಗೊತ್ತು. ಶ್ರೀರಂಗಪಟ್ಟಣದ ಲಾಲ್‌ಬಾಗ್ ಏನಾಯಿತೆಂದು ಕೇಳುವವರು ಕಡಿಮೆ. 1792ರ ಫೆಬ್ರವರಿಯಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ದ್ವೀಪದ ಪೂರ್ವಭಾಗವನ್ನು ಹಿಡಿದಾಗ, ಆ ತೋಟದ ಸಾಲು ಸೈಪ್ರಸ್ ಮರಗಳನ್ನು ಕಡಿದು ಮುತ್ತಿಗೆಗೆ ಬೇಕಾದ ಕಟ್ಟಿಗೆಯ ಕಂತೆಗಳನ್ನು ಮಾಡಿದರು. ತೋಟದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಒಬ್ಬ ಅರಸ ಮನಸ್ಸಿಟ್ಟು ಬೆಳೆಸಿದ ವಿಹಾರವನ ಕೆಲವೇ ದಿನಗಳಲ್ಲಿ ಯುದ್ಧದ ಸಾಮಗ್ರಿಯಾಗಿ ಹೋಯಿತು.

1799ರ ಮೇ 4ರಂದು ಟಿಪ್ಪು ಸತ್ತ ಮೇಲೆ ದರಿಯಾ ದೌಲತ್ತಿನಲ್ಲಿ ವಾಸವಿದ್ದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕ್ ಆದವನು. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ, 1804ರಲ್ಲಿ, ಕಲ್ಲಿನ ಕಂಬಗಳ ಸೇತುವೆಯೊಂದು ನದಿಯನ್ನು ದಾಟಿತು. ಅದಕ್ಕೆ ಇಟ್ಟದ್ದೂ ಗವರ್ನರ್ ಜನರಲ್ ಆಗಿದ್ದ ಇನ್ನೊಬ್ಬ ವೆಲ್ಲೆಸ್ಲಿಯ ಹೆಸರು. ಆದರೆ ದ್ವೀಪದ ಜ್ವರ ಕಂಪನಿಯ ಸೈನ್ಯವನ್ನು ಉಳಿಯಗೊಡಲಿಲ್ಲ. ದಂಡು 1809ರ ಹೊತ್ತಿಗೆ ಬೆಂಗಳೂರಿಗೆ ಹೋಯಿತು. ರಾಜಧಾನಿ ಆಗಲೇ ಮೈಸೂರಿಗೆ ಹೋಗಿತ್ತು. ಉಳಿದದ್ದು ದೇವಾಲಯ, ಪಾಳುಕೋಟೆ, ಕಬ್ಬು, ಭತ್ತ.

ಈ ಎಲ್ಲ ಗದ್ದಲದ ನಡುವೆ ಮೇಲಿನ ತಿಟ್ಟುಗಳ ಗತಿ ಏನಾಗಿತ್ತು ಎಂದರೆ, ಏನೂ ಆಗಲಿಲ್ಲ, ಅದೇ ಅವುಗಳ ಅದೃಷ್ಟ. ಕೋಟೆ ಕಟ್ಟಲು ಚಿಕ್ಕವು, ಉಳಲು ಕಲ್ಲಿನವು, ತಲುಪಲು ಕಷ್ಟದವು. ಚರಿತ್ರೆ ಎಂದರೆ ಘಟನೆಗಳೆಂದು ತಿಳಿದವರಿಗೆ ಇಲ್ಲಿ ಹೇಳಲು ಮುನ್ನೂರು ವರ್ಷಗಳ ಕಾಲ ಒಂದು ವಾಕ್ಯವೂ ಸಿಗುವುದಿಲ್ಲ. ಆದರೆ ಹಕ್ಕಿಗೆ ಬೇಕಾದದ್ದು ಅಂಥ ಜಾಗವೇ.

ಈ ಮೌನ ಮುರಿದದ್ದು ಪಕ್ಷಿತಜ್ಞ ಸಲೀಂ ಅಲಿ ಬಂದಾಗ. 1939–40ರಲ್ಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಕಾವೇರಿಯ ಈ ತಿಟ್ಟುಗಳಲ್ಲಿ ಕೊಕ್ಕರೆ, ಬಕ, ನೀರುಕಾಗೆಗಳು ಗುಂಪುಗುಂಪಾಗಿ ಗೂಡು ಕಟ್ಟುವುದನ್ನು ಕಂಡು, ಇದನ್ನು ಕಾಪಾಡಬೇಕೆಂದು ಮೈಸೂರು ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ; ಅದಕ್ಕೆ ಮೂರು ದಶಕಗಳ ಹಿಂದೆ, ಬೇಟೆ ಇನ್ನೂ ಗೌರವದ ಹವ್ಯಾಸವಾಗಿದ್ದ ಕಾಲದಲ್ಲಿ, ಅರ್ಧ ಡಜನ್ ಸಣ್ಣ ತಿಟ್ಟುಗಳನ್ನು ಹಕ್ಕಿಗಳಿಗೆಂದು ಬಿಟ್ಟುಕೊಟ್ಟದ್ದು ಸಣ್ಣ ವಿಷಯವಲ್ಲ. ಆಗ ಹುಲಿಗೂ ಇಲ್ಲದ ರಕ್ಷಣೆ ಇಲ್ಲಿನ ನೀರುಕಾಗೆಗೆ ಸಿಕ್ಕಿತ್ತು ಎನ್ನುವುದನ್ನು ನೆನೆದರೆ ಸಲೀಂ ಅಲಿಯವರ ಮಾತಿಗಿದ್ದ ಬಲ ತಿಳಿಯುತ್ತದೆ.

ಹಕ್ಕಿಗಳು ಇದೇ ಜಾಗವನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಒಂದು ಕಾವಲು. ಸುತ್ತ ನೀರಿದ್ದರೆ ನಾಯಿ, ಕಾಡುಬೆಕ್ಕು, ಮನುಷ್ಯ ಯಾರೂ ಸುಲಭವಾಗಿ ಮರದ ಬುಡಕ್ಕೆ ಬರಲಾರರು; ಆ ನೀರಿನಲ್ಲಿ ಮೊಸಳೆ ಇದ್ದರೆ ಕಾವಲು ಇನ್ನೂ ಬಿಗಿ. ಮೊಸಳೆ ಇದಕ್ಕೆ ಬಾಡಿಗೆಯನ್ನೂ ವಸೂಲಿ ಮಾಡುತ್ತದೆ: ಗೂಡಿನಿಂದ ಜಾರಿಬಿದ್ದ ಮರಿ ಅದರ ಪಾಲು. ಇನ್ನೊಂದು ಊಟ. ಬಾಯ್ಕಳಕ ಕೊಕ್ಕರೆಯನ್ನು ತೆಗೆದುಕೊಳ್ಳಿ. ಅದರ ಎರಡು ಕೊಕ್ಕುಗಳು ಮುಚ್ಚಿದಾಗಲೂ ನಡುವೆ ಸಂದಿ ಉಳಿಯುತ್ತದೆ, ಹೆಸರು ಬಂದದ್ದೇ ಹಾಗೆ. ಆ ಕೊಕ್ಕಿನಿಂದ ಅದು ಹಿಡಿಯುವುದು ಹೆಚ್ಚಾಗಿ ಬಸವನಹುಳುಗಳನ್ನು. ಬಸವನಹುಳು ಸಿಗುವುದು ನೀರು ನಿಂತ ಗದ್ದೆಯಲ್ಲಿ, ನಾಲೆಯ ಬದಿಯಲ್ಲಿ. ಕೆಂಬರಲು, ಬೆಳ್ಳಕ್ಕಿಗಳು ಕಪ್ಪೆ, ಏಡಿ, ಹುಳುಗಳಿಗಾಗಿ ಹೋಗುವುದೂ ಅದೇ ಗದ್ದೆಗೆ. ಬೆಳಗ್ಗೆ ಮನೆಯಿಂದ ಹೊರಟು ಸಂಜೆ ಮರಳುವ ಕೂಲಿಯವರಂತೆ ಈ ಹಕ್ಕಿಗಳ ಮನೆ ತಿಟ್ಟಿನಲ್ಲಿ, ಕೆಲಸ ಗದ್ದೆಯಲ್ಲಿ. ಹದಿನೇಳನೆಯ ಶತಮಾನದ ಅಣೆ ಒಂದೇ ಏಟಿಗೆ ಎರಡನ್ನೂ ಒದಗಿಸಿತು. ಪಕ್ಷಿಧಾಮದ ಬೇಲಿಯೊಳಗಿನದನ್ನು ಎಷ್ಟೇ ಚೆನ್ನಾಗಿ ನೋಡಿಕೊಂಡರೂ, ಹೊರಗಿನ ಗದ್ದೆಗೆ ಬೀಳುವ ಕೀಟನಾಶಕ ಯಾವ ಮರಿಯ ಹೊಟ್ಟೆ ಸೇರುತ್ತದೆ ಎಂಬುದನ್ನು ಬೇಲಿ ತೀರ್ಮಾನಿಸಲಾರದು.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಶಾಲೆಯ ಪ್ರವಾಸದಲ್ಲಿ. ದಂಡೆಯ ಬಿದಿರುಮೆಳೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದದ್ದು, ಆಮೇಲೆ ದೋಣಿ ಹತ್ತಲು ಸಾಲು ನಿಂತದ್ದು ನೆನಪಿದೆ. ನಮ್ಮ ಮೇಷ್ಟ್ರು 'ಗಲಾಟೆ ಮಾಡಬೇಡ್ರೋ' ಎಂದು ಗದರಿದಷ್ಟೂ ನಮ್ಮ ಗಲಾಟೆ ಹೆಚ್ಚಾಗುತ್ತಿತ್ತು. ದೋಣಿ ನಡೆಸುತ್ತಿದ್ದ ವಯಸ್ಸಾದ ಅಂಬಿಗ ಏನೂ ಹೇಳಲಿಲ್ಲ. ಒಂದು ಚಪ್ಪಟೆ ಬಂಡೆಯ ಹತ್ತಿರ ಬಂದಾಗ ಹುಟ್ಟುಗಳನ್ನು ನೀರಿನಿಂದ ಎತ್ತಿ ಮಡಿಲ ಮೇಲೆ ಇಟ್ಟುಕೊಂಡು ಸುಮ್ಮನೆ ಕುಳಿತ. ದೋಣಿ ತಾನಾಗಿ ತೇಲಿತು. ಬಂಡೆಯ ಮೇಲೆ ಅದೇ ಬಣ್ಣದ ಇನ್ನೊಂದು ಬಂಡೆ ಬಾಯಿ ತೆರೆದು ಮಲಗಿತ್ತು. ಅದು ಮೊಸಳೆಯೆಂದು ಒಬ್ಬೊಬ್ಬರಿಗೇ ಗೊತ್ತಾದಂತೆ, ದೋಣಿಯ ಮುಂದಿನಿಂದ ಹಿಂದಿನವರೆಗೆ ಸದ್ದು ಒಂದೊಂದೇ ಸಾಲಾಗಿ ಅಡಗಿತು. ಹುಟ್ಟಿನಿಂದ ತೊಟ್ಟಿಕ್ಕುವ ನೀರಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಆಗ ಆ ಅಂಬಿಗ, 'ಬಿಸಿಲು ಕಾಯ್ಸ್ತಾ ಅವನೆ, ಮೈ ಬೆಚ್ಚಗಾಯ್ತು ಅಂತ ಬಾಯಿ ಬಿಟ್ಟವ್ನೆ' ಎಂದ. ಮೊಸಳೆ ಬಾಯಿ ತೆರೆದು ಮೈಯ ಬಿಸಿಯನ್ನು ಹದಕ್ಕೆ ತರುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದು ಎಷ್ಟೋ ವರ್ಷಗಳ ನಂತರ.

ರಂಗನತಿಟ್ಟಿನ ವಿಹಾರವನ್ನು ಕುರಿತು ನನ್ನ ಅಭಿಪ್ರಾಯವೆಲ್ಲ ಆ ಹುಟ್ಟಿನ ಸುತ್ತಲೇ ಇದೆ. ಯಂತ್ರದ ಸದ್ದಿಲ್ಲದ, ಕೈಯಿಂದ ನಡೆಸುವ ದೋಣಿ, ಅದರಲ್ಲಿ ಸೀಮಿತ ಜನ, ನಡೆಸುವವನೇ ತೋರಿಸುವವನು, ಮುಖ್ಯವಾಗಿ, ತಿಟ್ಟಿನ ಮೇಲೆ ಯಾರೂ ಇಳಿಯುವುದಿಲ್ಲ. ಹುಲ್ಲುಹಾಸು, ಕಲ್ಲುಬೆಂಚು, ಮಾಹಿತಿ ಕೇಂದ್ರ, ಮಕ್ಕಳ ಓಡಾಟ ಎಲ್ಲ ದಂಡೆಯ ಮೇಲೆ. ದ್ವೀಪ ನೋಡಲು ಮಾತ್ರ. ಹೀಗಾಗಿ ಇಲ್ಲಿ ಉದ್ಯಾನವೂ ಧಾಮವೂ ಅಕ್ಕಪಕ್ಕದಲ್ಲಿದ್ದರೂ ಅವುಗಳ ನಡುವೆ ಹತ್ತಾರು ಅಡಿ ನೀರಿನ ಗೆರೆ ಇದೆ. 1972ರ ಕಾಯಿದೆ ಅಭಯಾರಣ್ಯಕ್ಕೆ ಪ್ರವೇಶ ನೀಡಬಹುದಾದ ಕಾರಣಗಳಲ್ಲಿ ಅಧ್ಯಯನ, ಛಾಯಾಗ್ರಹಣ, ಸಂಶೋಧನೆಗಳ ಜೊತೆಗೆ ಪ್ರವಾಸವನ್ನೂ ಹೆಸರಿಸುತ್ತದೆ. ಅಂದರೆ ವಿಹಾರ ಕಾನೂನಿಗೆ ಹೊರಗಿನದಲ್ಲ. ಪ್ರಶ್ನೆ ಇರುವುದು ಎಷ್ಟು ಹತ್ತಿರ ಎಂಬುದರಲ್ಲಿ. ಇತ್ತೀಚೆಗೆ ಉದ್ದನೆಯ ಲೆನ್ಸ್ ಹಿಡಿದವರು 'ಇನ್ನೂ ಸ್ವಲ್ಪ ಹತ್ತಿರ ಹೋಗಣ್ಣಾ' ಎಂದು ಅಂಬಿಗನನ್ನು ಒತ್ತಾಯಿಸುವುದನ್ನು ನಾನು ಕೇಳಿದ್ದೇನೆ. ಉದ್ದನೆಯ ಲೆನ್ಸ್ ಇರುವುದು ದೂರದಿಂದ ನೋಡಲಿಕ್ಕೆ ಎಂದು ನಾನು ತಿಳಿದಿದ್ದೆ.

ಹತ್ತಿರ ಹೋದರೆ ಏನು ಕೆಡುತ್ತದೆ ಎಂದು ಕೇಳಬಹುದು. ಬಣ್ಣದ ಕೊಕ್ಕರೆಯ ಗೂಡನ್ನು ನಡುಹಗಲು ನೋಡಿ. ಮರದ ನೆತ್ತಿಯಲ್ಲಿ ನೆರಳಿಲ್ಲ. ತಾಯಿಯೋ ತಂದೆಯೋ ಸೂರ್ಯನಿಗೆ ಬೆನ್ನು ಮಾಡಿ, ಎರಡೂ ರೆಕ್ಕೆಗಳನ್ನು ಅರ್ಧ ಬಿಚ್ಚಿ, ಕೊಡೆ ಹಿಡಿದಂತೆ ನಿಂತಿರುತ್ತದೆ. ಅದರ ಬೆನ್ನ ಹಿಂಭಾಗದ ಗುಲಾಬಿ ಗರಿಗಳು ಆಗಲೇ ಚೆನ್ನಾಗಿ ಕಾಣುವುದು. ಮರಿಗಳು ಆ ನೆರಳು ಸರಿದಂತೆ ತಾವೂ ಸರಿಯುತ್ತವೆ. ದೋಣಿಗೆ ಬೆದರಿ ಆ ಹಕ್ಕಿ ಹಾರಿತೆನ್ನಿ. ಹತ್ತು ನಿಮಿಷ ಬಿಸಿಲು ಬಿದ್ದರೆ ಪುಕ್ಕ ಬಾರದ ಮರಿ ಬಾಡುತ್ತದೆ, ಕಾಯುತ್ತಿದ್ದ ಕಾಗೆಗೆ ಮೊಟ್ಟೆ ಸಿಗುತ್ತದೆ. ನಮಗೆ ಸಿಕ್ಕುವುದು ಹಾರುವ ಹಕ್ಕಿಯ ಒಂದು ಚಿತ್ರ.

ಇನ್ನು ನನ್ನ ವೃತ್ತಿಗೆ ಹತ್ತಿರದ ಮಾತಿಗೆ ಬರುತ್ತೇನೆ. 1911ರಲ್ಲಿ ಆರಂಭವಾಗಿ 1930ರ ದಶಕದ ಆರಂಭಕ್ಕೆ ಮುಗಿದ ಕೃಷ್ಣರಾಜಸಾಗರ, ಎಂದರೆ ಕನ್ನಂಬಾಡಿ ಕಟ್ಟೆ, ರಂಗನತಿಟ್ಟಿಗೆ ಮೇಲಿದೆ. ಹಳೆಯ ಅಣೆ ನದಿಯನ್ನು ನಿಧಾನಗೊಳಿಸಿತ್ತು; ಹೊಸ ಕಟ್ಟೆ ನದಿಯನ್ನು ಹಿಡಿದು ನಿಲ್ಲಿಸುವ, ಬೇಕಾದಾಗ ಬಿಡುವ ಶಕ್ತಿ ಪಡೆಯಿತು. ಅಲ್ಲಿಂದ ಮುಂದೆ ತಿಟ್ಟುಗಳ ಸುತ್ತ ಎಷ್ಟು ನೀರಿರಬೇಕೆಂದು ತೀರ್ಮಾನಿಸುವುದು ಮಳೆಯಷ್ಟೇ ಅಲ್ಲ, ಗೇಟು ಕೂಡ. ಗೇಟನ್ನು ತೆರೆಯುವವರ ಮುಂದಿರುವ ಪಟ್ಟಿ ಉದ್ದವಾದದ್ದು: ಕಟ್ಟೆಯ ಕೆಳಗಿನ ಹಳೆಯ ಅಣೆ-ನಾಲೆಗಳ ಗದ್ದೆಗಳು, ಊರುಗಳ ಕುಡಿಯುವ ನೀರು, 2018ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪಿನಂತೆ ರಾಜ್ಯದ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ ತಲುಪಬೇಕಾದ 177.25 ಟಿಎಂಸಿ ಅಡಿ. ಜಲಾಶಯದಿಂದ ನದಿಗೆ ಇಳಿಯುವ ನೀರು ಬಿಳಿಗುಂಡ್ಲು ಮುಟ್ಟುವ ಮೊದಲು ಈ ತಿಟ್ಟುಗಳನ್ನು ಸುತ್ತಿಕೊಂಡೇ ಹೋಗಬೇಕು. ಎರಡು ರಾಜ್ಯಗಳು ನ್ಯಾಯಾಲಯದಲ್ಲಿ ವಾದಿಸುವಾಗ ಹೊಳೆ ರೀವವೆಂಬ ಹಕ್ಕಿಯ (ರಿವರ್ ಟರ್ನ್) ಮೊಟ್ಟೆಯ ಪರವಾಗಿ ವಕೀಲರಿರುವುದಿಲ್ಲ.

ಹೊಳೆ ರೀವವನ್ನು ಹೆಸರಿಸಿದ್ದಕ್ಕೆ ಕಾರಣವಿದೆ. ಅದು ಗೂಡು ಕಟ್ಟುವುದಿಲ್ಲ. ಬೇಸಿಗೆಯಲ್ಲಿ ನೀರು ತಗ್ಗಿ ಬಂಡೆ, ಮರಳು ಬಯಲಾದಾಗ ಬರಿನೆಲದ ಮೇಲೆ ಮೊಟ್ಟೆಯಿಡುತ್ತದೆ. ಮೊಸಳೆ ಕೂಡ ಅದೇ ಕಾಲದಲ್ಲಿ ಮರಳದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆ ಹುಗಿಯುತ್ತದೆ. ಬೇಸಿಗೆಯ ನಡುವೆ, ಯಾವುದೋ ನ್ಯಾಯವಾದ ಕಾರಣಕ್ಕೇ ಇರಲಿ, ನೀರನ್ನು ಒಮ್ಮೆಲೇ ಬಿಟ್ಟರೆ ಮರದ ಮೇಲಿನ ಕೊಕ್ಕರೆಗೆ ಏನೂ ಆಗುವುದಿಲ್ಲ, ಬಂಡೆಯ ಮೇಲಿನ ರೀವದ ವರ್ಷ ಮುಗಿಯುತ್ತದೆ. ಮಳೆಗಾಲದ ಕಥೆ ಬೇರೆ. ಜಲಾಶಯ ತನ್ನ ಪೂರ್ಣಮಟ್ಟವಾದ 124.80 ಅಡಿಯ ಹತ್ತಿರವಿದ್ದು ಕೊಡಗಿನಲ್ಲಿ ಮಳೆ ಸುರಿದರೆ, ಬಂದಷ್ಟನ್ನೂ ಬಿಡದೆ ವಿಧಿಯಿಲ್ಲ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಹೊರಹರಿವು ಲಕ್ಷ ಕ್ಯುಸೆಕ್ ದಾಟಿದಾಗ ತಿಟ್ಟುಗಳು ನೀರಿನಲ್ಲಿ ಮುಳುಗಿದವು, ದೋಣಿಗಳು ದಂಡೆಯಲ್ಲೇ ಕಟ್ಟಿಹಾಕಿದ್ದವು. ಅಂಥ ನೀರು ಮೆಕ್ಕಲನ್ನು ಬಿಟ್ಟು ಹೋಗುವುದಿಲ್ಲ, ಕೊರೆದು ಒಯ್ಯುತ್ತದೆ. ಮೂರು ಶತಮಾನ ಕೂಡಿದ ಮಣ್ಣಿನ ಅಂಚು ಕೆಲವು ದಿನಗಳಲ್ಲಿ ಕುಸಿಯುತ್ತದೆ. ಪ್ರವಾಹ ಇಳಿದ ಮೇಲೆ ಮರಳಿನ ಚೀಲಗಳನ್ನು ಒಟ್ಟಿ ತಿಟ್ಟಿನ ಅಂಚನ್ನು ಗಟ್ಟಿಗೊಳಿಸುವ ಕೆಲಸ ಅದಕ್ಕಾಗಿಯೇ ನಡೆಯುತ್ತದೆ. ಬರಗಾಲದಲ್ಲಿ ತೊಂದರೆ ಇದಕ್ಕೆ ತದ್ವಿರುದ್ಧ. ನೀರು ಬತ್ತಿ ತಿಟ್ಟು ಮತ್ತೆ ಬರಿಯ ದಿಬ್ಬವಾದರೆ ನಾಯಿಗಳು ಕಾಲ್ನಡಿಗೆಯಲ್ಲೇ ದಾಟಬಹುದು.

ದ್ವೀಪದ ವಿಹಾರ ಬೇರೆ ಹಾದಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಹಂಪಿಯ ಎದುರಿಗೆ ತುಂಗಭದ್ರೆಯಲ್ಲಿರುವ ವಿರೂಪಾಪುರ ಗಡ್ಡೆಯಲ್ಲಿ ಗದ್ದೆಗಳ ನಡುವೆ ರೆಸಾರ್ಟುಗಳು, ತಂಗುಮನೆಗಳು ಒಂದೊಂದಾಗಿ ಎದ್ದವು. 2019ರ ಆಗಸ್ಟಿನಲ್ಲಿ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನೂರಾರು ಪ್ರವಾಸಿಗರು ಅಲ್ಲಿ ಸಿಕ್ಕಿಹಾಕಿಕೊಂಡರು. ದೋಣಿ, ಹೆಲಿಕಾಪ್ಟರ್ ಬಳಸಿ ಅವರನ್ನು ಕರೆತರಬೇಕಾಯಿತು. 2020ರ ಫೆಬ್ರವರಿಯಲ್ಲಿ ಆ ಕಟ್ಟಡಗಳ ತೆರವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಮುಂದಿನ ತಿಂಗಳು ಅವು ನೆಲಸಮವಾದವು. ಅಲ್ಲಿ ದುಡಿಯುತ್ತಿದ್ದ ಬಡವರ ಪಾಡಿನ ಬಗ್ಗೆ ನನಗೆ ಮರುಕವಿದೆ. ಆದರೆ ನದಿಯ ನಡುವೆ ರಾತ್ರಿ ಉಳಿಯುವ ವಿಹಾರ ಎಂದೂ ಬಾಳುವಂಥದಲ್ಲ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಇವೆರಡರ ನಡುವಿನ ಮಾದರಿ ಕುಶಾಲನಗರದ ಬಳಿಯ ಕಾವೇರಿ ನಿಸರ್ಗಧಾಮ. ಅಲ್ಲಿ ತೂಗುಸೇತುವೆ ದಾಟಿ ದ್ವೀಪದ ಒಳಗೇ ನಡೆದಾಡುತ್ತೇವೆ, ಬಿದಿರುಮೆಳೆ, ಜಿಂಕೆಗಳನ್ನು ನೋಡುತ್ತೇವೆ. ಅದು ಮೊದಲಿನಿಂದಲೂ ಜನರಿಗಾಗಿಯೇ ಮಾಡಿದ ಉದ್ಯಾನ, ಹಾಗಾಗಿ ಅದಕ್ಕೆ ಬೇರೆ ನಿಯಮ ಒಪ್ಪುತ್ತದೆ. ಪ್ರವಾಹ ಬಂದರೆ ಮಾತ್ರ ಅಲ್ಲಿಯೂ ಬಾಗಿಲು ಮುಚ್ಚಬೇಕು.

2022ರಲ್ಲಿ ರಂಗನತಿಟ್ಟು ಜೌಗುನೆಲೆಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೆ ಸೇರಿತು; ಕರ್ನಾಟಕದಿಂದ ಆ ಪಟ್ಟಿಗೆ ಸೇರಿದ ಮೊದಲ ಜೌಗುನೆಲೆ ಅದು. ಪತ್ರಿಕೆಗಳು ಇದನ್ನು ಪ್ರಶಸ್ತಿ ಎಂಬಂತೆ ಬರೆದವು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಒಂದು ಅಂಕಿ. ಪಕ್ಷಿಧಾಮದ ವಿಸ್ತೀರ್ಣ 0.67 ಚದರ ಕಿಲೋಮೀಟರ್, ಎಂದರೆ 67 ಹೆಕ್ಟೇರ್. ರಾಮ್ಸರ್ ಪಟ್ಟಿಯಲ್ಲಿರುವ ವಿಸ್ತೀರ್ಣ 517.7 ಹೆಕ್ಟೇರ್. ಹಕ್ಕಿ ಕೂರುವ ಮರಗಳನ್ನಷ್ಟೇ ಅಲ್ಲದೆ ಆ ಮರಗಳನ್ನು ಸುತ್ತುವ ನೀರನ್ನೂ, ಅದರಲ್ಲಿನ ಮೀನು, ಮೊಸಳೆ, ನೀರುನಾಯಿಗಳನ್ನೂ ಸೇರಿಸಿ ಒಂದು ಎಂದು ಎಣಿಸಿದ್ದಾರೆ. ನಾಲೆಯ ಮನುಷ್ಯನಾದ ನನಗೆ ಈ ಗಡಿ ಹೆಚ್ಚು ವಾಸ್ತವವೆನಿಸುತ್ತದೆ. ಸಾಧ್ಯವಾಗಿದ್ದರೆ ನಾನು ಅದನ್ನು ಗದ್ದೆಗಳವರೆಗೂ ಎಳೆಯುತ್ತಿದ್ದೆ.

ಸಭೆಯಲ್ಲಿ ಒಬ್ಬ ಹಿರಿಯರು, 'ನಿಸರ್ಗಧಾಮದಂತೆ ಇಲ್ಲಿಯೂ ಒಂದು ತೂಗುಸೇತುವೆ ಮಾಡಿದರೆ ನಮ್ಮಂಥ ವಯಸ್ಸಾದವರಿಗೆ ಅನುಕೂಲವಾಗುವುದಿಲ್ಲವೇ? ದೋಣಿ ಹತ್ತಿ ಇಳಿಯುವುದು ಮಂಡಿ ನೋವಿನವರಿಗೆ ಕಷ್ಟ' ಎಂದು ಕೇಳಿದರು. ಕಷ್ಟ ನಿಜ, ನನ್ನ ಮಂಡಿಯೂ ಅದನ್ನೇ ಹೇಳುತ್ತದೆ. ಆದರೆ ಸೇತುವೆ ನಮಗೆ ದಾರಿಯಾದರೆ ಬೆಕ್ಕಿಗೂ ಮುಂಗುಸಿಗೂ ದಾರಿಯೇ. ದೋಣಿಕಟ್ಟೆಯ ಮೆಟ್ಟಿಲುಗಳಿಗೆ ಹಿಡಿಕೆ, ಇಳಿಜಾರಿನ ಹಲಗೆ, ಆಸರೆಗೆ ಒಬ್ಬರು, ಇವನ್ನು ಕೇಳೋಣ. ದೋಣಿ ಹತ್ತಲು ಆಗದವರಿಗೆ ದಂಡೆಯ ಮೇಲಿನ ಹಾದಿಯಿಂದಲೇ, ಒಂದು ಸಾಧಾರಣ ದುರ್ಬೀನಿದ್ದರೆ, ಗೂಡುಗಳು ಚೆನ್ನಾಗಿ ಕಾಣುತ್ತವೆ. ಅಲ್ಲಿ ಕುಳಿತರೆ ಇನ್ನೊಂದು ಲಾಭವಿದೆ: ದೋಣಿಯವರು ನೋಡಿ ಮುಗಿಸಿ ಹೋದ ಮೇಲೂ ನೀವು ಅದೇ ಗೂಡನ್ನು ನೋಡುತ್ತಿರಬಹುದು.

ಇನ್ನೊಬ್ಬ ತಾಯಿ ಕೇಳಿದ್ದು ಸರಳ ಪ್ರಶ್ನೆ: 'ಮಕ್ಕಳನ್ನು ಯಾವ ತಿಂಗಳಲ್ಲಿ ಕರೆದುಕೊಂಡು ಹೋಗಲಿ?' ಮಕ್ಕಳಿಗೆ ಗೂಡು, ಮರಿ ತೋರಿಸಬೇಕಾದರೆ ಜನವರಿ ಕಳೆದ ಮೇಲೆ, ಮಳೆ ಹಿಡಿಯುವ ಮೊದಲು. ವಲಸೆ ಬಂದ ಹಕ್ಕಿಗಳೂ ಬೇಕಾದರೆ ಚಳಿಗಾಲ. ಭಾನುವಾರ ಬೇಡ. ಬೆಳಗಿನ ಮೊದಲ ದೋಣಿ ಹಿಡಿಯಿರಿ. ಬಿಸಿಲೇರಿದ ಮೇಲೆ ಹಕ್ಕಿಗಳು ಗದ್ದೆಗೆ ಹೋಗಿರುತ್ತವೆ, ಜನ ದೋಣಿಕಟ್ಟೆಗೆ ಬಂದಿರುತ್ತಾರೆ. ಮಳೆಗಾಲದಲ್ಲಿ ಹೋಗಲೇಬೇಕೆಂದರೆ ಹೊರಡುವ ದಿನ ಬೆಳಗ್ಗೆ ಪತ್ರಿಕೆಯಲ್ಲಿ ಕನ್ನಂಬಾಡಿಯ ಮಟ್ಟವನ್ನು ನೋಡಿ. ಮೈಸೂರು, ಮಂಡ್ಯದ ಮನೆಗಳಲ್ಲಿ ರೈತರಲ್ಲದವರೂ ಆ ಸಾಲನ್ನು ಓದುತ್ತಾರೆ. ಮಟ್ಟದ ಕೆಳಗೆ ಒಳಹರಿವು, ಹೊರಹರಿವು ಎಂದು ಎರಡು ಅಂಕಿಗಳಿರುತ್ತವೆ; ನಿಮಗೆ ಬೇಕಾದದ್ದು ಎರಡನೆಯದು. ಅದು ಹತ್ತಾರು ಸಾವಿರ ಕ್ಯುಸೆಕ್ ಎಂದು ತೋರಿಸಿದರೆ ಅಂದು ದೋಣಿ ನಡೆಯುವುದು ಅನುಮಾನ. ಬುತ್ತಿಯನ್ನು ದರಿಯಾ ದೌಲತ್ತಿನ ತೋಟಕ್ಕೆ ಕೊಂಡುಹೋಗಿ, ಮಕ್ಕಳಿಗೆ ಗೋಡೆಯ ಮೇಲಿನ ಆನೆ ಕುದುರೆಗಳನ್ನು ತೋರಿಸಿಕೊಂಡು ಬನ್ನಿ.